ಸಡಿಲ ಬಿಟ್ಟ ಮೂರು ಕೀಲಿ

ಸುಳ್ಳು ಹೇಳಿಬಿಡೋಣ ಎಂದೇ ಹೋಗಿದ್ದೆ. ಸುಳ್ಳು ಹೇಳಿ, ರೈಲಿನ ಲೈನನ್ನೂ ಉಳಿಸಿಕೊಂಡು, ತಲೆ ಮೇಲಿನ ಸೂರನ್ನೂ ಉಳಿಸಿಕೊಂಡು, ಬಾಯಿಗೆ ಬೀಗ ಹಾಕಿಕೊಂಡು ವಾಪಸು ಬರೋಣ ಎಂದೇ ಹೋಗಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಗಟ್ಟಿಗಿತ್ತಿ, ಧೈರ್ಯವಂತೆ ಎಂದು ಹೊಗಳುವುದು ಬೇಡ. ಹೊಗಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಾನು ಹಳಿ ಕಾಯುವವಳು. ಬೆಟ್ಟದ ರೈಲಿನ ಹಳಿ. ಕೆಳಗಿನ ಸ್ಟೇಷನ್ನಿನಿಂದ ಮೇಲಿನ ಪೇಟೆಗೆ ಐದು ಮೈಲಿ. ಕೆಲಸಕ್ಕೆ ಹೋಗಿಬರುವವರ ರೈಲಲ್ಲ ಅದು. ರಜೆ ಕಳೆಯಲು ಬಂದವರು ಕಿಟಕಿಯಿಂದ ಕಣಿವೆ ನೋಡಿ ಹಾ, ಹೂ ಎನ್ನುವ ರೈಲು. ಅದು ಬರುವ ಹೊತ್ತಿಗೆ ಗ್ಯಾಂಗಿನವರು ಬೆಟ್ಟದ ಕಡೆ ಮುಖ ಮಾಡಿ ನಿಲ್ಲಬೇಕಿತ್ತು. ಹಾಗಂತ ಆರ್ಡರೇ ಇತ್ತು. ನಮ್ಮ ಬೆವರಿನ ಮುಖ ಫೋಟೋದಲ್ಲಿ ಬಂದರೆ ನೋಟ ಕೆಡುತ್ತದಂತೆ. ಇಪ್ಪತ್ತೆರಡು ವರ್ಷ ಆ ರೈಲು ನನ್ನ ಬೆನ್ನ ಹಿಂದೆಯೇ ಹೋಗಿದೆ. ಅದರೊಳಗೆ ಒಂದು ದಿನವೂ ಕೂತವಳಲ್ಲ ನಾನು.

ಹಳಿಯನ್ನು ಅದರಡಿಯ ಅಡ್ಡ ದಿಮ್ಮಿಗೆ, ಸ್ಲೀಪರಿಗೆ, ಕಚ್ಚಿ ಹಿಡಿಯುವ ಬೆಣೆಗೆ ನಾವು ಕೀಲಿ ಎನ್ನುತ್ತೇವೆ. ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ, ರೈಲಿನ ಅದುರಿಗೆ ಕೀಲಿ ಸಡಿಲವಾಗುತ್ತದೆ. ದಿನಾ ಒಬ್ಬರು ಸುತ್ತಿಗೆ ಹಿಡಿದು ನಡೆಯಬೇಕು. ತಟ್ಟಬೇಕು, ಕೇಳಬೇಕು, ಸಡಿಲಾದದ್ದನ್ನು ಬಡಿದು ಬಿಗಿ ಮಾಡಬೇಕು. ಬಿಗಿ ಕೀಲಿ ಠಣ್ ಎನ್ನುತ್ತದೆ. ಸಡಿಲ ಕೀಲಿ ಥಪ್ ಎನ್ನುತ್ತದೆ. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು. ಸಂಜೆಗೆ ಬಲಗೈ ಹೆಬ್ಬೆರಳು ಮಡಚಲು ಬರುವುದಿಲ್ಲ. ಅನ್ನ ಕಲಸುವುದಕ್ಕೂ ಎಡಗೈ ಹುಡುಕಬೇಕು.

ಈ ಕೆಲಸ ಮೊದಲು ನನ್ನ ಗಂಡನದು. ನಾನು ಅದೇ ಗ್ಯಾಂಗಿನಲ್ಲಿ ಜಲ್ಲಿ ಹೊರುತ್ತಿದ್ದೆ. ಅವನ ಸುತ್ತಿಗೆಗೆ ಹದಿನೇಳನೇ ನಂಬರಿನ ಹಿತ್ತಾಳೆ ಬಿಲ್ಲೆ. ನಮ್ಮಲ್ಲಿ ಓದು ಬರಹ ಬಂದವರು ಎಷ್ಟು ಮಂದಿ? ಹಾಗಾಗಿ ಗಸ್ತು ಮುಗಿಸಿದವನು ಬಿಲ್ಲೆಯನ್ನು ಶಾಯಿಗೆ ಅದ್ದಿ ಗಸ್ತು ಪುಸ್ತಕದಲ್ಲಿ ಒತ್ತುತ್ತಾನೆ. ಅದೇ ಸಹಿ. ಅವನು ಹದಿನೇಳು. ನಾನು ಹದಿನೇಳರ ಹೆಂಡತಿ. ಊರಿಗೂ ಆಫೀಸಿಗೂ ನನಗೆ ಬೇರೆ ಹೆಸರು ಬೇಕಾಗಿರಲಿಲ್ಲ.

ಎರಡು ವರ್ಷದ ಹಿಂದೆ ಮಳೆಗೆ ಮೂರನೇ ಮೈಲಿಯ ತಿರುವಿನಲ್ಲಿ ಬೆಟ್ಟ ಕುಸಿಯಿತು. ನಲವತ್ತು ಅಡಿ ಹಳಿ ಗಾಳಿಯಲ್ಲಿ ನೇತಾಡುತ್ತಿತ್ತು. ನಮ್ಮ ಗ್ಯಾಂಗು ಆರು ಮನೆ, ಹನ್ನೆರಡು ಕೈಯಲ್ಲ, ಇಪ್ಪತ್ತನಾಲ್ಕು ಕೈ. ಗಂಡಸರು ಕಲ್ಲು ಕಟ್ಟಿದರು, ಹೆಂಗಸರು ಕಲ್ಲು ಹೊತ್ತೆವು. ನಲವತ್ತು ದಿನ ಮೈ ಮೇಲಿನ ಬಟ್ಟೆ ಒಣಗಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ ಇವನನ್ನು ಕೆಳಗೆ ಇಳಿಬಿಡುತ್ತಿದ್ದರು. ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋದು ಅಂದರೆ ಇದೇ. ಗೋಡೆ ಎದ್ದಿತು, ಹಳಿ ಕೂತಿತು. ಇವನ ಎದೆಯಲ್ಲಿ ಕಫ ಕೂತಿತು. ಗೋಡೆ ಮುಗಿದ ಒಂಬತ್ತನೇ ದಿನ ಸತ್ತ. ಗೋಡೆಯ ಮುಂದೆ ಸಾಹೇಬರು ನಿಂತು ಫೋಟೋ ತೆಗೆಸಿಕೊಂಡರು. ಕೆಲಸ ಮಾಡಿದವರು ಯಾರು ಎಂದು ಅದರ ಕೆಳಗೆ ಬರೆದಿತ್ತಂತೆ. ಯಾವುದೋ ಕಂಪನಿ ಹೆಸರು.

ಅಷ್ಟಾದರೂ ರೈಲು ಬಂತಾ? ಬರಲಿಲ್ಲ. ಇವತ್ತು ಬಿಡ್ತೀವಿ, ನಾಳೆ ಬಿಡ್ತೀವಿ ಎಂದರು. ಗ್ಯಾಂಗನ್ನು ಮುರಿದರು. ಒಂದೊಂದೇ ಮನೆಯವರು ಪಾತ್ರೆ ಪಗಡೆ ಕಟ್ಟಿಕೊಂಡು ಇಳಿದರು. ಕೊನೆಗೆ ಸ್ಟೇಷನ್ ಮಾಸ್ತರೂ ಹೊರಟರು. ಹೋಗುವ ದಿನ ಖಾಲಿ ಗಸ್ತು ಪುಸ್ತಕಗಳ ಕಟ್ಟೊಂದನ್ನು ನನ್ನ ಕೈಗೆ ಕೊಟ್ಟರು.

“ನೋಡಮ್ಮ, ಏಳು ದಿನ ಗಸ್ತು ತಪ್ಪಿದ್ರೆ ಕಾನೂನಲ್ಲಿ ಇದು ಬಿಟ್ಟ ಲೈನು. ಬಿಟ್ಟ ಲೈನಿನ ಹಳಿ ಕಿತ್ತು ಹಾಕೋಕೆ ಯಾರು ಬೇಕಾದ್ರೂ ಅರ್ಜಿ ಹಾಕ್ಬಹುದು. ಗಸ್ತು ನಡೀತಾ ಇದ್ರೆ ಯಾರ ಅಪ್ಪನೂ ಮುಟ್ಟೋಹಾಗಿಲ್ಲ,” ಎಂದರು.

“ಸಂಬಳ?”

“ಅದು ಬರಲ್ಲ ಬಿಡು.”

“ಕ್ವಾರ್ಟರ್ಸು?”

“ಯಾರೂ ಕೇಳೋವರೆಗೂ ಇರು.”

ಅವರೂ ಹೋದರು. ಆರು ಮನೆಯ ಸಾಲಿನಲ್ಲಿ ನಾನೊಬ್ಬಳು ಉಳಿದೆ.

ಯಾಕೆ ಉಳಿದೆ ಎಂದು ಜನ ಕೇಳುತ್ತಾರೆ. ಹುಚ್ಚಿ ಎಂದೂ ಅನ್ನುತ್ತಾರೆ. ನನ್ನ ಲೆಕ್ಕ ನೇರ. ಆ ಹಳಿ ಕಿತ್ತರೆ ನನ್ನ ಗಂಡ ಸತ್ತದ್ದು ದಂಡ. ರೈಲು ಓಡಿದರೆ ಅವನು ಒಂದು ಕೆಲಸ ಮಾಡಿ ಸತ್ತ. ಅಷ್ಟೇ. ಇದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿಲ್ಲ.

ಅವನ ಸುತ್ತಿಗೆ ಎತ್ತಿಕೊಂಡೆ. ಬೆಳಗಿನ ಜಾವ ಎದ್ದು ಒಂದು ಹಳಿ ತಟ್ಟುತ್ತ ಮೇಲಿನ ಪೇಟೆಗೆ ಹತ್ತುತ್ತಿದ್ದೆ. ಅಲ್ಲಿ ದೊಡ್ಡ ಹೋಟೆಲಿನಲ್ಲಿ ಮಂಚದ ಬಟ್ಟೆ ಒಗೆಯುತ್ತಿದ್ದೆ. ಯಾರ್ಯಾರೋ ಮಲಗೆದ್ದ ದುಪ್ಪಟಿಗಳು. ಸೋಡಾದ ನೀರಿಗೆ ಬೆರಳ ಸಂದು ಬಿರಿಯುತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಅದೇ ಬಿರಿದ ಕೈಯಲ್ಲಿ ಸುತ್ತಿಗೆ ಹಿಡಿದು ಇನ್ನೊಂದು ಹಳಿ ತಟ್ಟುತ್ತ ಇಳಿಯುತ್ತಿದ್ದೆ. ಮನೆಗೆ ಬಂದು ಪುಸ್ತಕದಲ್ಲಿ ಬಿಲ್ಲೆ ಒತ್ತುತ್ತಿದ್ದೆ. ಯಾವ ಬಿಲ್ಲೆ? ಹದಿನೇಳು. ನಮ್ಮ ಗ್ಯಾಂಗಿನಲ್ಲಿ ಬಿಲ್ಲೆ ಸುತ್ತಿಗೆಯ ಜೊತೆ ಹೋಗುತ್ತದೆ. ಇವನಿಗಿಂತ ಮುಂಚೆ ಹದಿನೇಳು ಇನ್ನೊಬ್ಬನಾಗಿದ್ದ, ಅವನಿಗಿಂತ ಮುಂಚೆ ಮತ್ತೊಬ್ಬ. ಸುತ್ತಿಗೆ ಹಿಡಿದವರು ಹದಿನೇಳು. ಇದರಲ್ಲಿ ತಪ್ಪಿದೆ ಎಂದು ನನ್ನ ತಲೆಗೆ ಒಂದು ದಿನವೂ ಹೊಳೆಯಲಿಲ್ಲ.

ಎರಡು ವರ್ಷ ಹೀಗೆ. ಜ್ವರ ಬಂದರೂ ಹೋದೆ. ಕಾಲು ಉಳುಕಿದರೂ ಹೋದೆ. ಮಾತಾಡಲು ಯಾರೂ ಇಲ್ಲ. ಕೆಲವು ಸಲ ಸುತ್ತಿಗೆಯ ಸದ್ದಿಗೆ ನಾನೇ ಉತ್ತರ ಕೊಡುತ್ತಿದ್ದೆ. ಠಣ್ ಅಂದರೆ, “ಹೂಂ, ಸರಿ.” ಥಪ್ ಅಂದರೆ, “ಏನಾಯ್ತೋ ನಿಂಗೆ?” ಹೋಟೆಲಿನಲ್ಲಿ ಯಾರಾದರೂ ಊಟ ಆಯ್ತಾ ಎಂದು ಕೇಳಿದರೆ ಉತ್ತರ ಕೊಡಲು ಒಂದು ಗಳಿಗೆ ತಡವಾಗುತ್ತಿತ್ತು. ನಾಲಿಗೆ ಅಷ್ಟು ಜಡ್ಡುಗಟ್ಟಿತ್ತು.

ಆಮೇಲೆ ಪುರಸಭೆಯವರು ಅರ್ಜಿ ಹಾಕಿದರು. ಹಳಿ ಕಿತ್ತು ಅಲ್ಲಿ ಪಾದಚಾರಿ ಹಾದಿ ಮಾಡುತ್ತಾರಂತೆ. ಜನ ನಡೆಯಬಹುದಂತೆ, ಸೈಕಲ್ ಹೊಡೆಯಬಹುದಂತೆ, ಅಲ್ಲಲ್ಲಿ ಬೆಂಚು, ಆರೋಗ್ಯಕ್ಕೆ ಒಳ್ಳೆಯದಂತೆ. ಬಣ್ಣದ ಚಿತ್ರ ಬರೆಸಿ ಪೇಟೆಯ ಗೋಡೆಗೆಲ್ಲ ಅಂಟಿಸಿದರು. ‘ಬನ್ನಿ, ನಡೆಯೋಣ.’ ಹೋಟೆಲಿನ ಅಡುಗೆಯವ ಓದಿ ಹೇಳಿದಾಗ ಮೈ ಉರಿದುಹೋಯಿತು. ನಡೆಯೋಣವಂತೆ! ನಾನು ಇಷ್ಟು ದಿನ ಏನು ಅಲ್ಲಿ ತೆವಳುತ್ತಿದ್ದೆನಾ?

ಅದಕ್ಕೆ ಎದುರಾಗಿ ಪೇಟೆಯಲ್ಲಿ ಇನ್ನೊಂದು ಗುಂಪು ಎದ್ದಿತು. ರೈಲು ಉಳಿಸುವ ಸಂಘ. ಎಲ್ಲ ದೊಡ್ಡ ಮನೆಯವರು. ಅದರ ಕಾರ್ಯದರ್ಶಿ ಬ್ಯಾಂಕಿನಿಂದ ರಿಟೈರಾದ ಯಜಮಾನರು. ಎಲ್ಲಿಂದಲೋ ತರಿಸಿದ ಗಾರ್ಡ್ ಟೋಪಿ ಹಾಕಿಕೊಂಡೇ ಓಡಾಡುತ್ತಿದ್ದರು. ಒಂದು ದಿನವೂ ರೈಲಿನಲ್ಲಿ ಕೆಲಸ ಮಾಡಿದವರಲ್ಲ. ನಾನು ಮನಸ್ಸಿನಲ್ಲೇ ಅವರಿಗೆ ಟೋಪಿ ಯಜಮಾನರು ಎಂದು ಹೆಸರಿಟ್ಟಿದ್ದೆ. ಮೊದಲ ಸಭೆಗೆ ನನ್ನನ್ನೂ ಕರೆದರು. ಎದೆ ತುಂಬಿ ಬಂತು. ಒಗೆದ ಸೀರೆ ಉಟ್ಟು ಹೋದೆ. ಹೋದರೆ ಕೈಗೆ ಪೊರಕೆ ಕೊಟ್ಟರು. ಹಾಲ್ ಗುಡಿಸಿ, ಕುರ್ಚಿ ಜೋಡಿಸಿ, ಆಮೇಲೆ ಬಾಗಿಲ ಹತ್ತಿರ ನಿಂತು ಕೇಳಿಸಿಕೋ ಎಂದರು. ಒಬ್ಬರು ಎಂಜಿನ್ನಿನ ಸಿಳ್ಳೆ ಬಗ್ಗೆ ಹಾಡು ಬರೆದುಕೊಂಡು ಬಂದಿದ್ದರು. ಓದುತ್ತ ಅತ್ತೂಬಿಟ್ಟರು. ಹಳಿಯ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಎಂಜಿನ್ನು ಗಾಳಿ ಮೇಲೆ ಓಡುತ್ತದೆ ಎಂದುಕೊಂಡಿದ್ದರೋ ಏನೋ.

ಆದರೂ ನಾನು ಅವರ ಕಡೆಯೇ. ಬೇರೆ ಯಾವ ಕಡೆ ಇತ್ತು ನನಗೆ?

ವಿಚಾರಣೆಗೆ ದಿನ ಗೊತ್ತಾಯಿತು. ಹೊರಗಿನಿಂದ ಅಧಿಕಾರಿ ಬರುತ್ತಾರೆ, ಲೈನು ಬಿಟ್ಟದ್ದೋ ಬಿಡದ್ದೋ ತೀರ್ಮಾನಿಸುತ್ತಾರೆ ಎಂದರು. ಅವರು ಒಂದು ವಾರ ಮುಂಚೆಯೇ ಇಂಜಿನಿಯರ್ ಜೊತೆ ಹಳಿ ನೋಡಿಕೊಂಡೂ ಹೋಗಿದ್ದರಂತೆ. ನಾನು ಆಗ ದುಪ್ಪಟಿ ಹಿಂಡುತ್ತಿದ್ದೆ.

ವಿಚಾರಣೆಯ ಹಿಂದಿನ ದಿನ ಟೋಪಿ ಯಜಮಾನರು ಹೋಟೆಲಿನ ಹಿತ್ತಲಿಗೇ ಬಂದರು. ಒಗೆಯುವ ಕಲ್ಲಿನ ಹತ್ತಿರ. ಅಡುಗೆಯವ ಕುರ್ಚಿ ತಂದುಹಾಕಿದ. ನಾನು ಮೊಣಕಾಲಿನವರೆಗೆ ನೀರಿನಲ್ಲಿ ನಿಂತೇ ಇದ್ದೆ.

“ಏನಮ್ಮ, ನೀನು ಸಂಘಕ್ಕೆ ತಂದುಕೊಟ್ಟ ಗಸ್ತು ಪುಸ್ತಕ ನೋಡಿದೆ. ಎಲ್ಲಾ ಕಡೆ ಹದಿನೇಳು ಅಂತ ಒತ್ತಿದೀಯಲ್ಲ?”

“ಹೌದು ಯಜಮಾನ್ರೇ.”

“ಹದಿನೇಳು ಯಾರು?”

“ನನ್ನ ಗಂಡಂದು ಆ ನಂಬರು.”

“ಅವನು ಸತ್ತು ಎರಡು ವರ್ಷ ಆಯ್ತು. ಸತ್ತವನು ದಿನಾ ಬಂದು ಹಳಿ ನೋಡ್ತಿದ್ನಾ? ಪುರಸಭೆ ವಕೀಲರ ಕೈಗೆ ಇದು ಸಿಕ್ರೆ ಮುಗೀತು. ಪುಸ್ತಕಾನೇ ಸುಳ್ಳು ಅಂತಾರೆ. ಲೈನು ಹೋಗುತ್ತೆ. ನಿನ್ನ ಮೇಲೆ ಕೇಸು ಬೇರೆ.”

ನನ್ನ ಕೈಯಲ್ಲಿದ್ದ ಬಟ್ಟೆ ನೀರಿಗೆ ಬಿತ್ತು.

“ಈಗೇನು ಮಾಡೋದು?”

ಅವರು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. ಮಗುವಿಗೆ ಔಷಧಿ ಕುಡಿಸುವವರ ಹಾಗೆ ನಿಧಾನವಾಗಿ ಹೇಳಿದರು. “ಸುಲಭ. ಸಂಘದ ಸದಸ್ಯರೇ ಸರದಿ ಮೇಲೆ ಗಸ್ತು ನಡೆದ್ವಿ ಅಂತ ನಾನು ಹೇಳ್ತೀನಿ. ಸಹಿ ಬದಲು ಆ ಬಿಲ್ಲೆ ಒತ್ತಿದ್ವಿ. ನೀನು ಹೌದು ಅನ್ನು ಸಾಕು. ‘ನಾನು ಸುತ್ತಿಗೆ ಹೊತ್ಕೊಂಡು ಅವರ ಹಿಂದೆ ಹೋಗ್ತಿದ್ದೆ’ ಅಂತ ಹೇಳು. ಲೈನೂ ಉಳಿಯುತ್ತೆ, ನಿನ್ನ ಮನೇನೂ ಉಳಿಯುತ್ತೆ. ನಿನ್ನ ಗಂಟೇನು ಹೋಗುತ್ತೆ ಹೇಳು?”

ನನ್ನ ಗಂಟೇನು ಹೋಗುತ್ತೆ! ರಾತ್ರಿಯೆಲ್ಲ ಅದನ್ನೇ ತಲೆಯಲ್ಲಿ ಹೊರಳಿಸಿದೆ. ಏನೂ ಹೋಗುವುದಿಲ್ಲ ಅನ್ನಿಸಿತು. ರೈಲು ಓಡುವುದು ಮುಖ್ಯ. ಯಾರು ನಡೆದರು ಎಂಬುದನ್ನು ಕಟ್ಟಿಕೊಂಡು ಏನಾಗಬೇಕು? ಬೆಳಿಗ್ಗೆ ಎದ್ದು ಹಳಿ ತಟ್ಟುತ್ತ ಪೇಟೆಗೆ ಹತ್ತಿದೆ. ಸುತ್ತಿಗೆ ಹಿಡಿದೇ ಪುರಸಭೆಯ ಹಾಲ್‌ಗೆ ಹೋದೆ. ಬಾಗಿಲಲ್ಲಿದ್ದ ಜವಾನ ಸುತ್ತಿಗೆ ಹೊರಗಿಡು ಎಂದ. ಇಟ್ಟೆ.

ಹಾಲ್‌ನಲ್ಲಿ ಕುರ್ಚಿಗಳು ತುಂಬಿದ್ದವು. ನಾನು ಗೋಡೆಗೆ ಒರಗಿ ನಿಂತೆ. ಅಧಿಕಾರಿ ಕನ್ನಡಕದ, ತೆಳ್ಳಗಿನ ಮನುಷ್ಯ. ನಗುವೂ ಇಲ್ಲ, ಸಿಡುಕೂ ಇಲ್ಲ. ಪುರಸಭೆಯ ವಕೀಲ ಎದ್ದು ಮೊದಲ ಸಾಕ್ಷಿಯನ್ನು ಕರೆದ. ಬಂದವರನ್ನು ನೋಡಿ ಗೋಡೆ ಬಿಟ್ಟು ನೆಟ್ಟಗೆ ನಿಂತೆ.

ನಮ್ಮ ಗ್ಯಾಂಗಿನ ಮೇಸ್ತ್ರಿ. ನನ್ನ ಗಂಡನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದ ಕೈ ಅದು. ಹೆಣ ಹೊತ್ತ ಹೆಗಲು ಅದು. ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದ ಮನುಷ್ಯ.

“ಗ್ಯಾಂಗ್ ಬಿಟ್ಟ ಮೇಲೆ ಲೈನಲ್ಲಿ ಯಾರಾದರೂ ಗಸ್ತು ನಡೀತಿದ್ರಾ?” ವಕೀಲ ಕೇಳಿದ.

ಮೇಸ್ತ್ರಿ ನೆಲ ನೋಡಿದ. “ಇಲ್ಲ ಸ್ವಾಮಿ. ಹದಿನೇಳು ಸತ್ತ. ಉಳಿದವರೆಲ್ಲ ಹೊರಟುಹೋದ್ವಿ. ಯಾರಿದ್ರು ನಡೆಯೋಕೆ?”

ಬಾಯಿಗೆ ಸೆರಗು ತುರುಕಿಕೊಂಡೆ. ಆಮೇಲೆ ಗೊತ್ತಾಯಿತು, ಪಾದಚಾರಿ ಹಾದಿಯ ಗೇಟಿಗೆ ಕಾವಲುಗಾರನ ಕೆಲಸ ಅವನಿಗೆ ಎಂದು ಮಾತಾಗಿತ್ತಂತೆ. ಹೊಟ್ಟೆಪಾಡು. ಇರಲಿ. ಆದರೆ ಒಂದು ಸಲ ನನ್ನ ಕಡೆ ನೋಡಬಹುದಿತ್ತು.

ವಕೀಲ ಇಂಜಿನಿಯರನ ವರದಿ ತೆಗೆದ. ಐದು ಮೈಲಿಯಲ್ಲಿ ಒಂದು ಜಾಗ ಬಿಟ್ಟು ಎಲ್ಲ ಕೀಲಿ ಬಿಗಿಯಾಗಿವೆ ಎಂದು ಅದರಲ್ಲಿತ್ತು. ಅದನ್ನು ಬೇಗಬೇಗ ಓದಿ ದಾಟಿಬಿಟ್ಟ. ಆಮೇಲೆ ದನಿ ಎತ್ತರಿಸಿದ. “ಆದರೆ ಸ್ವಾಮಿ, ಎಲ್ಲಕ್ಕಿಂತ ಅಪಾಯದ ಜಾಗ ಮೂರನೇ ಮೈಲಿ. ಬೆಟ್ಟ ಕುಸಿದ ತಿರುವು. ಅಲ್ಲಿ ಸಾಲಾಗಿ ಮೂರು ಕೀಲಿ ಸಡಿಲ! ದಿನಾ ಗಸ್ತು ನಡೆದಿದ್ರೆ ಅದು ಕಣ್ಣಿಗೆ ಬೀಳ್ತಿರಲಿಲ್ವಾ?”

ಅಧಿಕಾರಿ ಸಂಘದವರ ಕಡೆ ತಿರುಗಿದರು. ಟೋಪಿ ಯಜಮಾನರು ಎದ್ದು ನಿಂತು ಎಲ್ಲ ಹೇಳಿದರು. ಸದಸ್ಯರು, ಸರದಿ, ಸೇವೆ, ಪರಂಪರೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. ಅಧಿಕಾರಿ ಬರೆದುಕೊಂಡರು. ಆಮೇಲೆ ಕೇಳಿದರು.

“ಕೀಲಿ ಸಡಿಲ ಆಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?”

ಯಜಮಾನರು ನಕ್ಕರು. “ನೋಡಿದ್ರೆ ಗೊತ್ತಾಗುತ್ತಲ್ಲ ಸ್ವಾಮಿ. ಬಗ್ಗಿ ನೋಡ್ತೀವಿ.”

“ಹಾಗಾದ್ರೆ ಆ ಮೂರು?”

“ಅದು... ನಮ್ಮವರ ಕಣ್ತಪ್ಪು. ಎಲ್ಲರೂ ವಯಸ್ಸಾದವರು. ಬೇಕಾದ್ರೆ ಈ ಹೆಂಗಸನ್ನ ಕೇಳಿ. ಇವಳು ನಮ್ಮ ಸುತ್ತಿಗೆ ಹೊರ್ತಿದ್ದಳು.”

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಹೌದು ಎನ್ನಬೇಕು. ಒಂದೇ ಮಾತು. ಬಾಯಿ ತೆರೆದೆ. ಆದರೆ ಆ ‘ಕಣ್ತಪ್ಪು’ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಎರಡು ವರ್ಷ ಹದಿನೇಳರ ಬಿಲ್ಲೆ ಒತ್ತಿದ ಪುಸ್ತಕದ ಮೇಲೆ ಕಣ್ತಪ್ಪು ಎಂದು ಬರೆಯುತ್ತಾರಾ? ಅವನ ಜೀವ ತಿಂದ ಜಾಗದ ಕೆಲಸಕ್ಕೆ ಕಣ್ತಪ್ಪು ಎನ್ನುತ್ತಾರಾ?

“ಕಣ್ತಪ್ಪಲ್ಲ ಸ್ವಾಮಿ,” ಎಂದೆ. “ಬೇಕಂತಲೇ ಬಿಟ್ಟಿದ್ದು. ನಾನು ಬಿಟ್ಟಿದ್ದು.”

ಟೋಪಿ ಯಜಮಾನರು ಕೆಮ್ಮಿದರು. “ಅಮ್ಮ, ಕೇಳಿದ್ದಕ್ಕೆ ಮಾತ್ರ...”

“ನೀವು ಸುಮ್ನಿರಿ ಯಜಮಾನ್ರೇ! ಕೀಲೀನ ನೋಡಿ ಹೇಳ್ತಾರಂತೆ! ಕುರುಡನ ಕೈಗೆ ಸುತ್ತಿಗೆ ಕೊಟ್ರೂ ಕಿವಿಯಲ್ಲಿ ಹೇಳ್ತಾನೆ.”

ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. ಕನ್ನಡಕ ತೆಗೆದರು. “ಮುಂದೆ ಬಾಮ್ಮ. ಯಾಕೆ ಬಿಟ್ಟೆ?”

ಹೋದೆ. ಮೇಜಿನ ಅಂಚು ಹಿಡಿದುಕೊಂಡೆ. ನನ್ನ ಬಿರಿದ ಕೈ ಅವರ ಬಿಳಿ ಕಾಗದದ ಪಕ್ಕದಲ್ಲಿ ಕಾಣುತ್ತಿತ್ತು. ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸಿತು. ಎಳೆದುಕೊಳ್ಳಲಿಲ್ಲ.

“ಕುಸಿದ ಬೆಟ್ಟ ಅಷ್ಟು ಬೇಗ ನಿಲ್ಲಲ್ಲ ಸ್ವಾಮಿ. ಒಳಗೊಳಗೇ ಸರೀತಾ ಇರುತ್ತೆ. ಬೆಟ್ಟ ಸರಿದ್ರೆ ಹಳಿ ಸರಿಯುತ್ತೆ. ಬಿಗಿ ಕೀಲಿ ಹಲ್ಲು ಕಚ್ಚಿ ತಡ್ಕೊಳ್ಳುತ್ತೆ, ಏನೂ ಹೇಳಲ್ಲ. ಸಡಿಲ ಕೀಲಿ ಹಳಿ ಜೊತೇಲೇ ಹೊರಗೆ ಬರುತ್ತೆ. ಅದು ಎಷ್ಟು ಬಂತು ಅಂತ ನೋಡಿದ್ರೆ ಬೆಟ್ಟ ಎಷ್ಟು ಸರೀತು ಅಂತ ಗೊತ್ತಾಗುತ್ತೆ. ಹಳೇ ಗ್ಯಾಂಗಿನವರು ಹಾಗೇ ಮಾಡ್ತಿದ್ರು. ನನ್ನ ಗಂಡ ಸಾಯೋ ಮುಂಚೆ ಹೇಳಿದ್ದ, ‘ಮೂರು ಮಾತ್ರ ಬಿಡು ಕಣೇ, ನಾಲ್ಕನೇದು ಬಿಡಬೇಡ, ಹಳಿ ನಿಲ್ಲಲ್ಲ’ ಅಂತ.”

“ಎಷ್ಟು ಸರಿದಿದೆ?”

“ಮೊದಲ ಮಳೆಗಾಲದಲ್ಲಿ ಬೆರಳಿನ ಅರ್ಧ ಗೆಣ್ಣು. ಎರಡನೇ ಮಳೆಗಾಲದಲ್ಲಿ ಅಕ್ಕಿಕಾಳಿನಷ್ಟು. ಈಗ ಏಳು ತಿಂಗಳಿಂದ ಏನೂ ಇಲ್ಲ. ಬೆಟ್ಟ ನಿಂತಿದೆ ಸ್ವಾಮಿ. ಗೋಡೆ ಗಟ್ಟಿಯಾಗಿದೆ. ರೈಲು ಬಿಡಬಹುದು. ತಿಂಗಳಿಗೊಂದು ಸಲ ಮೊಳೆಯಲ್ಲಿ ಸ್ಲೀಪರ್ ಮೇಲೆ ಗೀರು ಹಾಕಿದೀನಿ, ಹೋಗಿ ಎಣಿಸ್ಕೊಳ್ಳಿ.”

ಅಧಿಕಾರಿ ಪಕ್ಕದಲ್ಲಿದ್ದ ಇಂಜಿನಿಯರನ ಕಡೆ ನೋಡಿದರು. ಅವನು ತನ್ನ ಪುಸ್ತಕ ತಿರುವಿದ. “ಗೀರುಗಳಿವೆ ಸಾರ್. ಯಾರೋ ಮಕ್ಕಳ ಆಟ ಅಂದ್ಕೊಂಡಿದ್ದೆ.”

ಮಕ್ಕಳ ಆಟವಂತೆ. ಹೋಗಲಿ.

“ಗಸ್ತು ಯಾರು ನಡೆದದ್ದು?” ಅಧಿಕಾರಿ ಕೇಳಿದರು.

“ನಾನು.”

“ಇವರು?”

“ಇವರಲ್ಲಿ ಒಬ್ರನ್ನೂ ನಾನು ಹಳಿ ಮೇಲೆ ನೋಡಿಲ್ಲ. ಒಂದು ಸಲ ಯಜಮಾನ್ರು ಫೋಟೋ ತೆಗೆಸ್ಕೊಳ್ಳೋಕೆ ಬಂದಿದ್ರು. ಬೂಟಿಗೆ ಎಣ್ಣೆ ಹತ್ತಿತು ಅಂತ ಬೇಗ ಹೋದ್ರು.”

“ಹಾಗಾದ್ರೆ ಸತ್ತವನ ನಂಬರು ಒತ್ತಿದ್ದೂ ನೀನೇ. ಅದು ಅಪರಾಧ. ಗೊತ್ತಾ?”

“ಬಿಲ್ಲೆ ಸುತ್ತಿಗೆದು ಸ್ವಾಮಿ. ಸತ್ತವನದ್ದಲ್ಲ.”

ಅಧಿಕಾರಿ ಮತ್ತೆ ಪೆನ್ನು ತೆಗೆದುಕೊಂಡರು. ಬಹಳ ಹೊತ್ತು ಬರೆದರು. ನಾನು ಗೋಡೆಯ ಹತ್ತಿರ ವಾಪಸು ಹೋಗಲಿಲ್ಲ. ಹೋಗು ಎಂದು ಯಾರೂ ಹೇಳಲೂ ಇಲ್ಲ. ಮುಂದಿನ ಸಾಲಿನಲ್ಲಿ ಯಾರೋ ಎದ್ದುಹೋದ ಖಾಲಿ ಕುರ್ಚಿಯೊಂದಿತ್ತು. ಕೂತೆ. ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಹೊರಗೆ ಬಂದಾಗ ಮೇಸ್ತ್ರಿ ಮೆಟ್ಟಿಲ ಮೇಲೆ ಕೂತಿದ್ದ. “ತಂಗಿ,” ಎಂದ. ಎದ್ದು, ಮತ್ತೆ ಕೂತ. “ಮಕ್ಕಳು ಮರಿ ಇದಾರಮ್ಮ,” ಎಂದ ಕೊನೆಗೆ.

“ಇದಾರೆ ಅಣ್ಣ. ಚೆನ್ನಾಗಿರ್ಲಿ,” ಎಂದೆ. ಬೈಯಬೇಕು ಎಂದು ಎಷ್ಟೋ ಇತ್ತು. ಅವನ ಮುಖ ನೋಡಿದ ಮೇಲೆ ಬೈಗುಳ ಬರಲಿಲ್ಲ.

ಟೋಪಿ ಯಜಮಾನರು ಕಾರಿನ ಬಾಗಿಲು ಹಿಡಿದು ನಿಂತಿದ್ದರು. ಮುಖ ಕೆಂಡವಾಗಿತ್ತು. “ಎಷ್ಟು ಜನರ ಶ್ರಮ ಹಾಳು ಮಾಡಿದೆ ಗೊತ್ತಾ? ಹತ್ತು ಜನ ಮರ್ಯಾದಸ್ಥರನ್ನ ಸುಳ್ಳುಗಾರರನ್ನಾಗಿ ಮಾಡಿದೆ. ಒಂದು ಹೂಂ ಅನ್ನೋಕೆ ಏನಾಗಿತ್ತು ನಿಂಗೆ?”

“ಬರಲಿಲ್ಲ ಯಜಮಾನ್ರೇ.”

“ಅಹಂಕಾರ!”

ಇರಬಹುದು. ಐವತ್ತು ವರ್ಷಕ್ಕೆ ಒಂದು ದಿನ ಅಹಂಕಾರ ಬಂದರೆ ಬರಲಿ ಬಿಡಿ ಎಂದುಕೊಂಡೆ. ಜವಾನನ ಹತ್ತಿರ ಸುತ್ತಿಗೆ ಇಸಿದುಕೊಂಡು ಹಳಿಗೆ ಇಳಿದೆ.

ಆ ಸಂಜೆ ಇಳಿದು ಬಂದದ್ದನ್ನು ಹೇಗೆ ಹೇಳಲಿ. ಒಳಗೆ ಏನೋ ಉಕ್ಕುತ್ತಿತ್ತು. ನಾನು ಅಂದೆ, ಎಲ್ಲರ ಮುಂದೆ ‘ನಾನು’ ಅಂದೆ ಎಂದು ಯಾರಿಗಾದರೂ ಹೇಳಬೇಕಿತ್ತು. ಇಲ್ಲದಿದ್ದರೆ ಎದೆ ಒಡೆದುಹೋಗುತ್ತದೆ ಅನ್ನಿಸಿತು. ಗ್ಯಾಂಗಿನ ಮನೆ ಸಾಲಿಗೆ ಬಂದೆ. ಮೊದಲನೇ ಬಾಗಿಲಿಗೆ ಬೀಗ. ಅದು ಜಲ್ಲಿ ಹೊರುವಾಗ ನನ್ನ ಜೋಡಿಯಾಗಿದ್ದ ಅಕ್ಕನ ಮನೆ. ಬಾಗಿಲು ಬಡಿದೆ. “ಅಕ್ಕಾ, ಕೇಳಿದ್ಯಾ? ನಾನೇ ನಡೆದದ್ದು ಅಂತ ಹೇಳ್ಬಿಟ್ಟೆ ಕಣೇ!” ಎಂದೆ. ಎರಡನೇ ಬಾಗಿಲಲ್ಲಿ ಹೇಳಿದೆ. ಮೂರನೆಯದರಲ್ಲಿ ಹೇಳುವಾಗ ದನಿ ಒಡೆಯಿತು. ಮೇಸ್ತ್ರಿಯ ಬಾಗಿಲು ಬಿಟ್ಟು ಮುಂದೆ ಹೋದೆ, ಮತ್ತೆ ಮನಸ್ಸು ತಡೆಯದೆ ಹಿಂದೆ ಬಂದು ಅಲ್ಲೂ ಹೇಳಿದೆ. ಐದು ಬಾಗಿಲು ಮುಗಿಸಿ ನನ್ನ ಮನೆಯ ಹೊಸ್ತಿಲ ಮೇಲೆ ಕೂತು ಅತ್ತೆ. ಗಂಡ ಸತ್ತ ದಿನವೂ ಮನೆ ತುಂಬ ಜನ ಇದ್ದರು. ಈ ದಿನ ಒಬ್ಬ ನರಪಿಳ್ಳೆಯೂ ಇರಲಿಲ್ಲ. ಗೆದ್ದದ್ದೋ ಸೋತದ್ದೋ ಹೇಳುವುದಕ್ಕೂ ಜನ ಬೇಕು.

ಇಪ್ಪತ್ತು ದಿನ ಕಳೆದ ಮೇಲೆ ಅಂಚೆಯಣ್ಣ ಬಂದ. ಈ ಸಾಲಿಗೆ ಅವನು ಬಂದು ವರ್ಷವೇ ಆಗಿತ್ತು. ಸೈಕಲ್ ಗೋಡೆಗೆ ಒರಗಿಸಿ ಉದ್ದನೆಯ ಲಕೋಟೆ ತೆಗೆದ. ಓದಿ ಹೇಳು ಎಂದೆ. ಹೊಸ್ತಿಲ ಮೇಲೆ ಕೂತು ಓದಿದ.

ಲೈನು ಬಿಟ್ಟದ್ದಲ್ಲ. ಪುರಸಭೆಯ ಅರ್ಜಿ ವಜಾ. ಹಳಿ ಕೀಳುವಂತಿಲ್ಲ. ಮುಂದಿನ ಋತುವಿಗೆ ರೈಲು ಬಿಡಲು ತಯಾರಿ ಮಾಡತಕ್ಕದ್ದು.

ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ. ಅಂಚೆಯಣ್ಣ ನಿಲ್ಲಿಸಿದ. “ಓದು, ಓದು,” ಎಂದೆ. ಅವನು ಓದಿದ. “ಗಸ್ತು ಪುಸ್ತಕ ನಂಬಲರ್ಹವಾಗಿದೆ. ಸದರಿ ಹೆಂಗಸು ಎರಡು ವರ್ಷ ಕಾಲ ಒಬ್ಬಳೇ ಲೈನನ್ನು ಸುಸ್ಥಿತಿಯಲ್ಲಿ ಇಟ್ಟಿರುತ್ತಾಳೆ.”

“ಇನ್ನೊಂದ್ಸಲ ಓದು.”

ಓದಿದ. ಮೂರನೇ ಸಲವೂ ಓದಿಸಿದೆ.

ಆಮೇಲೆ ಅವನು ಕಾಗದ ಮಡಚಲು ಹೋದ. ಕಾಗದ ಇನ್ನೂ ಮುಗಿದಿರಲಿಲ್ಲ. ನನಗೆ ಅಕ್ಷರ ಬರದಿದ್ದರೂ ಸಾಲು ಕಾಣುತ್ತದೆ.

“ಕೆಳಗೆ ಇನ್ನೂ ಇದೆಯಲ್ಲ ಅಣ್ಣ. ನುಂಗಬೇಡ, ಓದು.”

ಅವನು ಕಾಗದ ಮತ್ತೆ ಬಿಡಿಸಿದ. “ಇನ್ನು ಮುಂದೆ ಲೈನಿನ ಉಸ್ತುವಾರಿ ರೈಲು ಉಳಿಸುವ ಸಂಘಕ್ಕೆ ವಹಿಸಲಾಗಿದೆ. ಸದರಿ ಹೆಂಗಸು ನೇಮಕಾತಿ ಇಲ್ಲದವಳಾದ್ದರಿಂದ, ಈ ಪತ್ರ ತಲುಪಿದ ದಿನದಿಂದ ಹಳಿಯ ಮೇಲೆ ಕಾಲಿಡತಕ್ಕದ್ದಲ್ಲ. ಹದಿನೈದು ದಿನದಲ್ಲಿ ಕ್ವಾರ್ಟರ್ಸ್ ಖಾಲಿ ಮಾಡತಕ್ಕದ್ದು. ಅವಳ ಸೇವೆಯನ್ನು ಗಮನಿಸಿ ಮೊಕದ್ದಮೆ ಹೂಡುವುದನ್ನು ಕೈಬಿಡಲಾಗಿದೆ.”

ಸೇವೆಯನ್ನು ಗಮನಿಸಿ. ಎಷ್ಟು ದೊಡ್ಡ ಮನಸ್ಸು ನೋಡಿ.

“ಸಂಘದವರದ್ದೂ ಒಂದು ಚೀಟಿ ಇಟ್ಟಿದಾರೆ,” ಎಂದ ಅಂಚೆಯಣ್ಣ. “ಅವರ ಸ್ವಯಂಸೇವಕರು ಗಸ್ತು ಶುರು ಮಾಡ್ತಾರಂತೆ. ಮುಂದಿನ ತಿಂಗಳು ಒಂದನೇ ತಾರೀಖಿಂದ. ಸಮವಸ್ತ್ರ ಹೊಲಿಯೋಕೆ ಕೊಟ್ಟಿದಾರಂತೆ, ಅದು ಬಂದ ಮೇಲೆ.”

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

“ಒಂದನೇ ತಾರೀಖಿಗೆ ಎಷ್ಟು ದಿನ ಇದೆ?”

ಅವನು ಬೆರಳು ಮಡಚಿದ. “ಇವತ್ತಿಗೆ ಹನ್ನೊಂದು ದಿನ.”

ಸಿಟ್ಟು ಬಂದಿತ್ತು, ಆದರೆ ತಲೆ ತಣ್ಣಗಿತ್ತು. ಏಳು ದಿನ ತಪ್ಪಿದರೆ ಸಾಕು. ಪುರಸಭೆಯ ವಕೀಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುತ್ತಾನೆ. ಎಂಟನೇ ದಿನ ಹೊಸ ಅರ್ಜಿ ಬೀಳುತ್ತದೆ. ಇಷ್ಟು ದೊಡ್ಡ ಸಂಘಕ್ಕೆ, ಅಷ್ಟು ಓದಿದ ಅಧಿಕಾರಿಗೆ ಇದು ಹೊಳೆಯಲಿಲ್ಲ. ನನ್ನನ್ನು ಹೊರಗೆ ಹಾಕುವ ಅವಸರ ಅವರಿಗೆ ಅಷ್ಟಿತ್ತು.

“ನಿನ್ನ ಹತ್ರ ಕಾರ್ಡು ಇದೆಯಾ ಅಣ್ಣ?”

“ಇದೆ. ಯಾರಿಗೆ?”

“ಆ ಅಧಿಕಾರಿಗೆ. ನಾನು ಹೇಳಿದ ಹಾಗೇ ಬರಿ. ಚೆಂದ ಮಾಡೋಕೆ ಹೋಗ್ಬೇಡ.”

ಅವನು ಕಾರ್ಡನ್ನು ಮೊಣಕಾಲಿನ ಮೇಲಿಟ್ಟುಕೊಂಡು ಪೆನ್ನು ಬಿಚ್ಚಿದ.

“ಬರಿ. ಸ್ವಾಮಿ, ನಿಮ್ಮ ಕಾಗದ ತಲುಪಿತು. ಹಳಿ ಮೇಲೆ ಕಾಲಿಡಬೇಡ ಅಂತ ಬರೆದಿದೀರಿ. ಮನೆ ಬಿಡು ಅಂತ ಬರೆದಿದೀರಿ. ಎರಡೂ ಓದಿಸಿ ಕೇಳ್ದೆ.”

“ಹೂಂ. ಆಮೇಲೆ? ಕ್ಷಮಿಸಿ, ದಯವಿಟ್ಟು ಅಂತ ಏನಾದ್ರೂ?”

“ಏನೂ ಬೇಡ. ಒಂದೇ ಒಂದು ಮಾತು ಕೇಳು. ನಾಳೆ ಬೆಳಿಗ್ಗೆ ಯಾರು ನಡೀತಾರೆ?”

ಅವನು ತಲೆ ಎತ್ತಿ ನನ್ನನ್ನು ನೋಡಿದ. ಬರೆಯಲೋ ಬೇಡವೋ ಎನ್ನುವ ಹಾಗೆ.

“ಬರಿ ಅಣ್ಣ. ನಾಳೆ ಬೆಳಿಗ್ಗೆ ಯಾರು ನಡೀತಾರೆ, ಆ ಮನುಷ್ಯನ್ನ ತೋರಿಸಿ. ತೋರಿಸೋವರೆಗೂ ನಾನು ನಡೀತೀನಿ. ಹಿಡ್ಕೊಂಡು ಹೋಗಬೇಕು ಅಂತಿದ್ರೆ ಹಿಡಿಯೋಕೆ ಬರೋರು ಸುತ್ತಿಗೆ ಹಿಡಿಯೋಕೆ ಬರೋನನ್ನೂ ಜೊತೆಗೇ ಕರ್ಕೊಂಡು ಬರ್ಲಿ.”